ಅಲ್ಲಾಡದವರಿಗೆ ಬೆಳಕಿಲ್ಲ

ನನ್ನ ಮಗಳು ಸಿಂಧುಗೆ ಚಿಕ್ಕಂದಿನಿಂದ ಒಂದೇ ಚಾಳಿ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಓಡಿಹೋಗಿ ಆರಿಸಬೇಕು. ಮೈಸೂರಿನಲ್ಲಿ ದೇವರ ಮುಂದಿನ ದೀಪಕ್ಕೂ ನಾನು ಕಾವಲು ಕೂರಬೇಕಾಗಿತ್ತು. ಈಗ ಅವಳು ಅಮೆರಿಕದಲ್ಲಿ, ಡಿಯರ್‌ಬಾರ್ನ್‌ನಿಂದ ಇಪ್ಪತ್ತು ಮೈಲಿ ಆಚೆಯ ನಮ್ಮೂರಿನ ನಗರಸಭೆಯಲ್ಲಿ ಇಂಜಿನಿಯರ್. ಹಳೆಯ ಬೀದಿದೀಪ ತೆಗೆಸಿ ಎಲ್‌ಇಡಿ ಹಾಕಿಸುವುದು ಅವಳ ಕೆಲಸ.

ಹೋದ ಚಳಿಗಾಲ ಪರೀಕ್ಷೆಗೆಂದು ನಮ್ಮ ಬೀದಿಯಲ್ಲೇ ಹಾಕಿಸಿದಳು. ಕೆಳಗೆ ಯಾರಾದರೂ ಓಡಾಡಿದರೆ ದೀಪ ಪೂರ್ತಿ ಬೆಳಗುತ್ತದೆ, ಓಡಾಟ ನಿಂತರೆ ತಾನೇ ಮಂಕಾಗುತ್ತದೆ. ಕರೆಂಟು ಉಳಿಯುತ್ತದಂತೆ. ಆಫೀಸಿನವರೆಲ್ಲ ಬಂದು ಬಿರಬಿರನೆ ನಡೆದರು, ಸೈಕಲ್ ತುಳಿದರು, ಸರಿಯಿದೆ ಎಂದು ಹೋದರು.

ದೀಪ ಹತ್ತಿದಾಗ ಕೈಮುಗಿಯುವುದು ನನ್ನ ರೂಢಿ. ಬೀದಿದೀಪಕ್ಕೂ ಮುಗಿದೆ. ಶ್ಲೋಕ ಮುಗಿಸಿ ಕಣ್ಣು ಬಿಟ್ಟರೆ ಅರೆಗತ್ತಲು!

"ನಾನಿಲ್ಲೇ ನಿಂತಿದೀನಲ್ಲೇ! ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ವಲ್ಲ ನಿನ್ನ ದೀಪ!"

"ಶ್ಲೋಕ ಹೇಳ್ತಾ ಡ್ಯಾನ್ಸ್ ಮಾಡಮ್ಮ," ಅಂದಳು. ಇಬ್ಬರೂ ನಕ್ಕೆವು.

ಜನವರಿಯ ಒಂದು ಸಂಜೆ, ಬೇಗನೇ ಕತ್ತಲಾಗಿತ್ತು. ಸಿಂಧುವಿನ ದಾರಿ ಕಾಯುತ್ತ ಕಿಟಕಿಯಲ್ಲಿ ಕೂತಿದ್ದೆ. ಎದುರುಮನೆಯ ಪದ್ಮನಾಭ ಕಪ್ಪು ಕೋಟು ತೊಟ್ಟು ವಾಕಿಂಗ್ ಹೊರಟರು. ಸ್ವಲ್ಪ ಹೊತ್ತಿಗೆ ದೀಪ ಮಂಕಾಯಿತು. ದಾಟಿ ಹೋದರೆಂದುಕೊಂಡೆ.

ಹೋಗಿರಲಿಲ್ಲ. ಹಿಮದ ಗುಡ್ಡೆಯ ಮರೆಯಲ್ಲಿ ಜಾರಿ, ರಸ್ತೆಗೇ ತಲೆಯಿಟ್ಟು ಎಚ್ಚರತಪ್ಪಿ ಬಿದ್ದಿದ್ದರು.

ತಿರುವಿನಲ್ಲಿ ಸಿಂಧುವಿನ ಕಾರು ಬಂತು. ಹತ್ತಿರ ಬಂದ ಮೇಲೆ ದೀಪ ಝಗ್ಗೆಂದಿತು. ಬ್ರೇಕು ಕಿರುಚಿತು. ಬರಿಗಾಲಲ್ಲೇ ಓಡಿದೆ. ಚಕ್ರಕ್ಕೂ ಅವರ ತಲೆಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ! ನನ್ನ ಮಗಳು ಸ್ಟೀರಿಂಗ್ ಹಿಡಿದ ಕೈ ಬಿಡಿಸಲಾಗದೆ ಹಾಗೇ ಕೂತಿದ್ದಳು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಯಾರೋ ನೆನಪಿಲ್ಲ.

ಪದ್ಮನಾಭ ಉಳಿದುಕೊಂಡರು. ಆಸ್ಪತ್ರೆಯಲ್ಲಿ ಅವರೇ ನಗಾಡಿದರು. "ನಿನ್ನ ದೀಪದ ಪ್ರಕಾರ ನಾನು ಹೋಗೇಬಿಟ್ಟಿದ್ದೆ ಕಣಮ್ಮ."

"ಪ್ಲೀಸ್ ಅಂಕಲ್, ಹಾಗನ್ಬೇಡಿ," ಅಂದಳು ಸಿಂಧು.

ಮಾರನೆಯ ಸಂಜೆ ರಸ್ತೆಗೆ ಕಾರು ಅಡ್ಡ ನಿಲ್ಲಿಸಿ, ಕಪ್ಪು ಕೋಟು ತೊಟ್ಟು, ಅದೇ ಜಾಗದಲ್ಲಿ ಹೋಗಿ ಮಲಗಿದಳು!

"ಏನೇ ಇದು? ಏಳೇ!"

"ಅಲ್ಲೇ ನಿಂತ್ಕೋ ಅಮ್ಮ, ಅಲ್ಲಾಡ್ಬೇಡ."

ಅವಳ ಮೇಲಿನ ಬೆಳಕು ಕುಗ್ಗಿತು.

"ಕಾಣಿಸ್ತಿದೀನಾ?"

"ಇಲ್ಲ ಕಣೇ."

ಎದ್ದು ಕೋಟಿನ ಹಿಮ ಕೊಡವಿಕೊಂಡಳು. ದೀಪ ಮತ್ತೆ ಬೆಳಗಿತು.

"ಮಂಕಾಗೋದು ನಾಳೆಯಿಂದ ಬಂದ್. ಯಾರಿಲ್ದಿದ್ರೂ ಪೂರ್ತಿ ಉರೀಲಿ ಬಿಡಮ್ಮ," ಅಂದಳು.