ತೂಗುಕುರ್ಚಿಗೆ ಉಡಿ ತುಂಬಿದ್ದು

ಮೇ ತಿಂಗಳು ಬಂತೆಂದರೆ ಜಮಖಂಡಿಯಲ್ಲಿ ಎಲ್ಲರೂ ನೆರಳು ಹುಡುಕುತ್ತಾರೆ. ನಾನು ಮಾತ್ರ, ಹೇಳಿಕೊಳ್ಳಲು ಸಂಕೋಚವೇ, ಅಮೆರಿಕದ ಒಂದು ಊರಿನ ಕಸವನ್ನು ನೆನೆದು ನಿಟ್ಟುಸಿರು ಬಿಡುತ್ತೇನೆ.

ಹಳೆಯ ಶಾಸನಗಳನ್ನು ಓದಿ ಹೇಳಲೆಂದು ಅಲ್ಲಿಯ ಕಾಲೇಜಿನವರು ನನ್ನನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡಿದ್ದರು. ನಮ್ಮಲ್ಲಿ ಊರಿಗೊಂದು ಕಾಲೇಜು ಇರುತ್ತದೆ. ಅಲ್ಲಿ ಕಾಲೇಜಿಗೊಂದು ಊರಿತ್ತು. ದೊಡ್ಡದೆನ್ನಲು ಮನಸ್ಸು ಬಾರದು, ಸಣ್ಣದೆಂದರೆ ಅವರಿಗೆ ಬೇಸರ. ಜಮಖಂಡಿ, ಮುಧೋಳ, ಬನಹಟ್ಟಿಗಳನ್ನು ಕೂಡಿಸಿ ಗದ್ದಲವನ್ನು ಕಳೆದರೆ ಎಷ್ಟು ಉಳಿಯುತ್ತದೋ ಅಷ್ಟು. ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ತೇರದಾಳದ ಬಸ್ಸಿನಿಂದ ಇಳಿದವನಿಗೆ ಮೊದಲು ತನ್ನ ಚಪ್ಪಲಿ ಸಿಗಬೇಕು, ಕೃತಜ್ಞತೆ ಆಮೇಲಿನ ಮಾತು. ಚಳಿಗೆ ಮುಂಚಿನ ಶನಿವಾರಗಳಲ್ಲಿ ಇಡೀ ಊರು ಒಂದೇ ಬಣ್ಣದ ಅಂಗಿ ತೊಟ್ಟು ಫುಟ್‌ಬಾಲ್ ನೋಡಲು ಹೋಗುತ್ತಿತ್ತು. ನನ್ನ ಹೆಂಡತಿ ಗಿರಿಜಾಳ ಇಳಕಲ್ ಸೀರೆ ದುರ್ದೈವದಿಂದ ಎದುರು ಪಕ್ಷದ ಬಣ್ಣದ್ದು. ಅದನ್ನುಟ್ಟು ಬಸ್ ಹತ್ತಿದಾಗ ಮುದುಕನೊಬ್ಬ ಎದ್ದುನಿಂತು ಅವಳ ಧೈರ್ಯವನ್ನು ಹೊಗಳಿದ.

ಗಿರಿಜಾ ಬನಹಟ್ಟಿಯವಳು, ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದವಳು. ಅಲ್ಲಿಯ ಮೌನಕ್ಕೆ ಅವಳ ನಿದ್ದೆ ಹಾರಿಹೋಯಿತು. “ಏನ್ ಊರ್ರೀ ಇದು, ಒಂದ್ ನಾಯಿ ಸೈತ ಬೊಗಳೂದಿಲ್ಲ!”

ನಾವು ಹೋದ ವಾರವೇ ಬೀದಿಯ ಬದಿಗೆ ಸೋಫಾ, ಮೇಜು, ದೀಪಗಳು ಸಾಲಾಗಿ ನಿಂತಿದ್ದವು. ಮನೆ ಬದಲಿಸುವ ವಿದ್ಯಾರ್ಥಿಗಳು ಬೇಡವಾದದ್ದನ್ನು ಹೊರಗಿಡುತ್ತಾರೆ; ಬೇಕಾದವರು ಒಯ್ಯುತ್ತಾರೆ; ಉಳಿದದ್ದು ಕಸದ ಗಾಡಿಗೆ. ಅಲ್ಲೊಂದು ಕಟ್ಟಿಗೆಯ ತೂಗುಕುರ್ಚಿ ಕಂಡು ಕೈಯಿಟ್ಟೆ. ಗಿರಿಜಾ ನನ್ನ ತೋಳು ಹಿಡಿದು ಜಗ್ಗಿದಳು.

“ಮುಟ್ಟಬ್ಯಾಡ್ರೀ! ಯಾರ ಪೀಡಾ ಇಳಿಸಿ ಇಟ್ಟಾರೋ ಏನೋ!”

“ಪೀಡಾ ಇಳಿಸಾಕ ಯಾರರ ಕುರ್ಚಿ, ಸೋಫಾ ಇಡತಾರೇನ?”

“ಶ್ರೀಮಂತ ದೇಶ. ನಮ್ಮಲ್ಲಿ ಲಿಂಬಿಕಾಯಿ ಇಡತಾರ, ಇವರು ಸೋಫಾ ಇಡತಾರ.”

ನನ್ನ ವಿದ್ಯೆಯೂ ಅವಳ ಪರವಾಗಿಯೇ ಸಾಕ್ಷಿ ಹೇಳಿತು. ನಾನು ಓದಿದ ದಾನಶಾಸನಗಳಲ್ಲಿ ಕೊಡುವವನು ಕೈಯ ಮೇಲೆ ನೀರು ಬಿಟ್ಟು ಕೊಡುತ್ತಾನೆ, ಪಡೆದವನ ಹೆಸರು ಕಲ್ಲಿನ ಮೇಲೆ ಕೂರುತ್ತದೆ, ಕಸಿದವನಿಗೆ ನರಕ ಕಟ್ಟಿಟ್ಟಿರುತ್ತದೆ. ಕೊಡುವವನು ಕೊಟ್ಟು ಓಡಿಹೋಗುವ ದಾನ ಯಾವ ಅರಸನ ಕಾಲದಲ್ಲೂ ಇರಲಿಲ್ಲ. ಆದರೂ ಮನೆಯಲ್ಲಿ ಕೂರಲು ನೆಲವೊಂದೇ ಇತ್ತು. ಗಿರಿಜಾ ಕುರ್ಚಿಗೆ ಉಪ್ಪು ನಿವಾಳಿಸಿದಳು, ನಾನು ಹೊತ್ತೆ.

ಅವತ್ತು ಅವಳು ಅದರಲ್ಲಿ ಕೂತು ತೂಗಿದಳು. ಕಟಕ್, ಕಟಕ್. ಅವಳ ಮುಖ ಒಮ್ಮೆಲೇ ಸಡಿಲಾಯಿತು. “ನಮ್ಮಪ್ಪನ ಮಗ್ಗ ಹಿಂಗ ಅಂತಿತ್ತರಿ,” ಎಂದಳು. ಹಾಗೇ ನಿದ್ದೆ ಹೋದಳು. ಮುಂದೆ ಇಡೀ ಚಳಿಗಾಲ ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಈಚೆ ಬನಹಟ್ಟಿ ನಡೆಯುತ್ತಿತ್ತು.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿದದ್ದೇ ತಡ, ಜೋಳದ ರಾಶಿ ಎತ್ತಿದ ಕಣದಂತೆ ಊರು ಬರಿದಾಯಿತು. ನಾವೂ ಹೊರಡಬೇಕು. ಕಸದ ಗಾಡಿ ಮರುದಿನ ಬೆಳಿಗ್ಗೆ ಬರುವುದಿತ್ತು. ಕುರ್ಚಿ ಅದರ ಬಾಯಿಗೆ ಬೀಳಬಾರದು, ಯಾರದಾದರೂ ಮನೆ ಸೇರಬೇಕು ಎಂಬುದೊಂದೇ ಗಿರಿಜಾಳ ಹಟ.

ನಾನು ಅದನ್ನು ರಸ್ತೆಗಿಟ್ಟು ಬಂದೆ. ಅವಳು ಹಿಂದೆಯೇ ಇಳಿದು ಹೋದಳು. ನಮ್ಮ ಕಡೆ ಮನೆಮಗಳನ್ನು ಬರಿಮಡಿಲಲ್ಲಿ ಕಳಿಸುವುದಿಲ್ಲ. ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಗಿರಿಜಾ ಕುರ್ಚಿಯ ಎರಡೂ ಕೈಗಳಿಗೆ ಅರಿಷಿಣ ಕುಂಕುಮ ಹಚ್ಚಿ, ಕೂರುವ ಕಡೆ ಖಣ ಹಾಸಿ, ಅದರ ಮೇಲೆ ಅಕ್ಕಿ, ತೆಂಗಿನಕಾಯಿ ಇಟ್ಟು ಸಮಾಧಾನದಿಂದ ಮೇಲೆ ಬಂದಳು.

ಕಿಟಕಿಯಲ್ಲಿ ನಿಂತು ನೋಡಿದೆವು. ಜನ ಬಂದರು. ಕುರ್ಚಿ ಕಂಡು ಹತ್ತಿರ ಸರಿದರು. ಕೆಂಪು ಕಂಡು ಹಿಂದೆ ಸರಿದರು. ಒಬ್ಬನಂತೂ ರಸ್ತೆಗಿಳಿದು ಸುತ್ತುಹಾಕಿ ಹೋದ. ನಮ್ಮ ಚೌರಸ್ತೆಯಲ್ಲಿ ಲಿಂಬೆಹಣ್ಣನ್ನು ದಾಟುವವರ ಗಾಂಭೀರ್ಯವೇ ಅವನ ಮುಖದಲ್ಲಿತ್ತು.

“ಯಾಕ್ರೀ, ಯಾರೂ ಮುಟ್ಟವಲ್ರು?”

“ಅವರಿಗೂ ಪೀಡಾ ಅನಸೇತಿ. ಒರಸಿ ಬರಲೇನ?”

“ಉಡಿ ತುಂಬಿದ್ದ ಯಾರರ ಒರಸತಾರೇನ್ರಿ?” ಎಂದಳು.

ಹೊತ್ತು ಇಳಿಯುತ್ತಿತ್ತು. ಆಗ ಅವಳು ಇಳಿದು ಹೋಗಿ, ಕಾಯಿ, ಅಕ್ಕಿ ಸಮೇತ ಖಣವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅಮೆರಿಕದ ರಸ್ತೆಬದಿಯಲ್ಲಿ ಇಳಕಲ್ ಸೀರೆಯಲ್ಲಿ ಕೂತು ತೂಗತೊಡಗಿದಳು. ಮಾನ ಉಳಿಸಿಕೊಳ್ಳಲೆಂದು ನಾನೂ ಹೋಗಿ ಪಕ್ಕದಲ್ಲಿ ನಿಂತೆ, ಉಳಿಯಿತೆಂದು ಹೇಳಲಾರೆ. ಆದರೆ ಇಬ್ಬರು ಹುಡುಗಿಯರು ನಕ್ಕು ನಿಂತರು. ಗಿರಿಜಾ ಎದ್ದು, “ಬಾರವಾ, ಕುಂದರು,” ಎಂದಳು. ಅದಕ್ಕೆ ಇಂಗ್ಲಿಷ್ ಬೇಕಾಗಲಿಲ್ಲ. ಒಬ್ಬಳು ಕೂತು ತೂಗಿ ಕಣ್ಣು ಮುಚ್ಚಿದಳು. ಗಿರಿಜಾ ಅವಳ ಹಣೆಗೆ ಕುಂಕುಮ ಹಚ್ಚಿ ಕಾಯಿಯನ್ನು ಮಡಿಲಿಗಿಟ್ಟಳು. ಒಯ್ಯಬಹುದೇ ಎಂದು ಹುಡುಗಿ ನನ್ನನ್ನು ಕೇಳಿದಳು. ಒಯ್ಯಲೇಬೇಕು ಎಂದೆ.

ಇಬ್ಬರೂ ಆಚೀಚೆ ಹಿಡಿದು ಕುರ್ಚಿ ಹೊತ್ತು ನಡೆದರು. ಅವರು ಬೀದಿಯ ತಿರುವಿಗೆ ಬಂದಾಗ ಗಿರಿಜಾ ಕೈಯೆತ್ತಿ, “ಹೋಗಿ ಬರ್ತೇನ್ವಾ,” ಎಂದಳು.

ತಪ್ಪು ತಿದ್ದುವುದು ನನ್ನ ಕಸುಬು. “ಹೋಗಾಕತ್ತದ್ದು ಕುರ್ಚಿ. ನೀ ಯಾಕ ಹೋಗಿ ಬರ್ತೇನಿ ಅಂತಿ?” ಎಂದೆ.

ಅವಳು ಸೆರಗಿನಿಂದ ಕಣ್ಣೊರಸಿಕೊಂಡು ನನ್ನತ್ತ ನೋಡಿದಳು. “ನಾಳೆ ಊರ ಬಿಡವರು ನಾವಲ್ಲೇನ್ರಿ? ಅದು ಇಲ್ಲೇ ಇರತೈತಿ.”