ಕೈ ಮೊದಲೋ ಕಾಯಿ ಮೊದಲೋ

ಚಲನೆಯನ್ನು ಅಳೆಯುವ ಪುಟ್ಟ ಸೆನ್ಸರ್ ಬೋರ್ಡೊಂದನ್ನು ಮೇಜಿನ ಮೇಲಿಟ್ಟು, ನೀವು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂತರೂ, ಪರದೆಯ ಮೇಲಿನ ಅಂಕೆಗಳು ಸುಮ್ಮನಿರುವುದಿಲ್ಲ. ಬೀದಿಯಲ್ಲಿ ಬಸ್ಸು ಹೋದರೆ ಒಂದಿಷ್ಟು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಇನ್ನೊಂದಿಷ್ಟು, ಏನೂ ಆಗದಿದ್ದರೆ ತಮ್ಮಷ್ಟಕ್ಕೆ ತಾವೇ ಒಂಚೂರು ನಡುಗುತ್ತಿರುತ್ತವೆ. ಅಂಚೆಚೀಟಿಯಷ್ಟಗಲದ ಈ ಹಲಗೆಗೆ ನಿಶ್ಚಲತೆಯಲ್ಲಿ ನಂಬಿಕೆಯಿಲ್ಲ. ಬಹುಶಃ ಅದಕ್ಕೇ ನನಗೂ ಅದಕ್ಕೂ ಹೊಂದಿಕೆಯಾಯಿತು.

ಚಾಮರಾಜನಗರದ ನಮ್ಮ ಮನೆಯ ಕಪಾಟು ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಸ್ಟೀಲ್ ಲೋಟಗಳಿಂದ ತುಂಬಿದೆ. ಒಂದೇ ವಿಷಯವನ್ನು ಬೆಳಗ್ಗೆ ಸಮರ್ಥಿಸಿ ಸಂಜೆ ಖಂಡಿಸಿ ಎರಡು ಲೋಟ ತಂದ ದಿನವೂ ಉಂಟು. ಹೀಗಿರುವವಳಿಗೆ ವಾದ ಮಾಡದೆ ಬರೀ ಅಂಕೆ ಹೇಳುವ ವಸ್ತುವೊಂದು ಕೈಗೆ ಸಿಕ್ಕರೆ ಅದರ ಮೇಲೆ ಮೋಹ ಹುಟ್ಟುವುದು ಸಹಜ. ಬೋರ್ಡಿಗೆ ಪಿನ್ನುಗಳನ್ನು ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ; ವಾಷಿಂಗ್ ಮಷೀನಿಗೆ ಕಟ್ಟಿದೆ, ಗೇಟಿಗೆ ಕಟ್ಟಿದೆ, ಭಾಷಣ ಅಭ್ಯಾಸ ಮಾಡುವಾಗ ನನ್ನ ಮಣಿಕಟ್ಟಿಗೇ ಕಟ್ಟಿಕೊಂಡು ನೋಡಿದೆ. ಸೌಮ್ಯವಾಗಿ ಮಾತಾಡುತ್ತೇನೆಂದು ನನ್ನ ಬಗ್ಗೆ ನನಗಿದ್ದ ಭ್ರಮೆ ಆ ಗ್ರಾಫಿನ ಭೂಕಂಪದಲ್ಲಿ ಕುಸಿದುಬಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಗುಂಡ್ಲುಪೇಟೆ ಕಡೆ, ಬೇಗೂರಿನ ಹತ್ತಿರ ಅಮ್ಮನ ತವರಿನ ಹೊಲವಿದೆ. ಹೆಣ್ಣುಮಕ್ಕಳು ಅರಿಸಿನ ಕುಂಕುಮ ತೆಗೆದುಕೊಂಡು ಸಹಿ ಹಾಕಿ ಬರುವುದೇ ಮರ್ಯಾದೆ ಎನ್ನುವ ನೆಂಟರ ನಡುವೆ ಅಮ್ಮ ತನ್ನ ಪಾಲು ಕೇಳಿ ಪಡೆದುಕೊಂಡಳು. ಹೀಗಾಗಿ ಬದುವಿನ ಆಚೆ ಮಾವನ ಅರಿಸಿನ, ಈಚೆ ಅಮ್ಮನ ಚೆಂಡುಹೂವು. ಇಬ್ಬರೂ ಸೇರಿ ಒಂದೇ ಬೋರು ಕೊರೆಸುವುದೆಂದು ತೀರ್ಮಾನವಾಯಿತು. ಬೋರು ಯಾರ ನೆಲದಲ್ಲೋ ಸ್ಟಾರ್ಟರು ಅವರ ಕೈಯಲ್ಲಿ, ಸ್ಟಾರ್ಟರು ಯಾರ ಕೈಯಲ್ಲೋ ನೀರು ಅವರ ದಯೆ. ಪಾಲು ಪಡೆದ ತಂಗಿಗೆ ಅಣ್ಣ ಎಷ್ಟು ದಯೆ ತೋರಿಸಬಹುದೆಂಬುದು ನಿಮ್ಮ ಊಹೆಗೆ ಬಿಟ್ಟದ್ದು.

ಭೂವಿಜ್ಞಾನ ಓದಿದವರನ್ನು ಕೇಳೋಣವೆಂದೆ. ಮಾವ ಕರೆಸಿದ್ದು ನೀರು ನೋಡುವ ಪುಟ್ಟಮಾದಣ್ಣನನ್ನು. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿಯನ್ನು ಮಲಗಿಸಿಕೊಂಡು ಹೊಲದ ತುಂಬ ನಡೆಯುವುದು, ಕಾಯಿ ಎದ್ದು ನಿಂತಲ್ಲಿ ನೀರು ಎನ್ನುವುದು ಅವನ ಕ್ರಮ. ಅಮ್ಮನ ಪಾಲಿನಲ್ಲಿ ಆ ಕಾಯಿ ಮದುವೆ ಊಟ ಮುಗಿಸಿದ ನೆಂಟನ ಹಾಗೆ ಮಲಗಿಯೇ ಇತ್ತು. ಬದು ದಾಟಿದ್ದೇ ತಡ, ಮಾವ ಮೋಟಾರ್ ಮನೆಗೆಂದು ಮೊದಲೇ ಕಟ್ಟಿಸಿಟ್ಟಿದ್ದ ಗೋಡೆಯ ಪಕ್ಕದಲ್ಲಿ ದಿಗ್ಗನೆ ಎದ್ದಿತು.

ಮತ್ತೊಮ್ಮೆ ನಡೆಯಿರಿ, ಈ ಸಲ ಇವನ್ನು ಕಟ್ಟಿಕೊಂಡು ಎಂದು ಅವನಿಗೆ ಹೇಳಿ ಚೀಲದಿಂದ ನನ್ನ ಎರಡು ಬೋರ್ಡುಗಳನ್ನು ತೆಗೆದೆ. ಒಂದು ಬೋರ್ಡು ಕಾಯಿಗೆ, ಇನ್ನೊಂದು ಅವನ ಅಂಗೈಯ ಹಿಂಬದಿಗೆ, ಎರಡರ ಗೆರೆಗಳೂ ನನ್ನ ಮೊಬೈಲಿನಲ್ಲಿ.

"ನೀರು ನೋಡೋ ತಾವ್ಕೆ ಕರೆಂಟು ತತ್ತಿಯೇನಮ್ಮಿ? ದೇವ್ರ ಕೆಲ್ಸುಕ್ಕೆ ತಂತಿ ಸುತ್ಬ್ಯಾಡ ಕಣಮ್ಮಿ," ಎಂದು ಮಾವ ರೇಗಿದ.

"ಸುತ್ಲಿ ಬುಡಿ ಯಜಮಾನ್ರೆ, ಕಾಯ್ಗೂ ಒಂದ್ಸಲ ಇಸಿಜಿ ಆಗೋಗ್ಲಿ," ಎಂದ ಪುಟ್ಟಮಾದಣ್ಣ.

ಕಾಯಿ ಅದೇ ಗೋಡೆಯ ಬಳಿ ಎದ್ದಿತು. ಗ್ರಾಫಿನಲ್ಲಿ ಮಾತ್ರ ಕೈಯ ಗೆರೆ ಮೊದಲು ವಾಲಿತ್ತು, ಕಾಯಿಯ ಗೆರೆ ಕಣ್ಣೆವೆ ಬಡಿಯುವಷ್ಟು ಹೊತ್ತಿನ ಬಳಿಕ ಅದನ್ನು ಹಿಂಬಾಲಿಸಿತ್ತು. ಸಭೆಯನ್ನುದ್ದೇಶಿಸಿ, ಅಂದರೆ ಮಾವ, ಅಮ್ಮ ಮತ್ತು ಎರಡು ಹಸುಗಳನ್ನುದ್ದೇಶಿಸಿ, ನಾನು ಕಾರಣ ಯಾವುದು, ಕಾರ್ಯ ಯಾವುದು ಎಂದು ಅಮೋಘವಾಗಿ ಮಂಡಿಸಿದೆ.

ಪುಟ್ಟಮಾದಣ್ಣ ಪೂರ್ತಿ ಕೇಳಿಸಿಕೊಂಡ. "ಮತ್ತೆ ಕೈ ಅಲ್ಲಾಡ್ದೆ ಕಾಯಿ ಎದ್ದದೇನಮ್ಮಿ? ನೀರು ಕೈಗೇಳ್ತದ, ಕೈ ಕಾಯ್ಗೇಳ್ತದ. ನಿನ್ ಮಿಶಿನ್ನೂ ಅದ್ನೇ ಏಳ್ತಲ್ಲ."

ಯಾವ ಸಾಕ್ಷ್ಯ ಕೊಟ್ಟರೂ ಅದನ್ನೇ ನುಂಗಿ ತೇಗುವ ವಾದವೆಂದರೆ ಇದು. ಇಂಥದನ್ನು ಹೇಗೆ ಸೋಲಿಸಬೇಕೆಂದು ನನ್ನ ಅಷ್ಟೂ ಲೋಟಗಳಲ್ಲಿ ಒಂದಾದರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಅಮ್ಮ ಮುಂದೆ ಬಂದು, ತಂತಿ ಸಮೇತ ಬೋರ್ಡನ್ನು ತನ್ನ ಕೈಗೆ ಕಟ್ಟಿಸಿಕೊಂಡು, ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ತನ್ನ ಪಾಲಿನೊಳಗೆ ನಡೆದಳು. ಚೆಂಡುಹೂವಿನ ಸಾಲಿನ ನಡುವೆ ಕಾಯಿ ಎದ್ದು ನಿಂತಿತು.

"ಅವ್ಳೇ ಕೈ ಓರೆ ಮಾಡ್ಬುಟ್ಲು ಕಣ್ಲಾ ಮಾದಾ," ಎಂದ ಮಾವ.

"ಊ ಕಣಣ್ಣ, ನಾನೇ ಮಾಡ್ದಿ. ನಿನ್ ಕಡೆ ಕೈ ಓರೆ ಆದ್ರೆ ಅದು ನೀರು, ನನ್ ಕಡೆ ಆದ್ರೆ ಅದು ನಾನಾ?" ಎಂದಳು ಅಮ್ಮ.

ಮಾವ ಕೊನೆಯ ಆಸರೆಯೆಂಬಂತೆ ನನ್ನತ್ತ ತಿರುಗಿದ. "ಏನಮ್ಮಿ ಏಳ್ತದ ನಿನ್ ಮಿಶಿನ್ನು?"

ಅಮ್ಮನೂ ನನ್ನನ್ನೇ ನೋಡುತ್ತಿದ್ದಳು. ಕಾಯಿ ತಾನಾಗಿ ಎದ್ದಿತೆಂದು ಒಂದು ಮಾತು ಹೇಳಿದ್ದರೆ ಬೋರು ಅಮ್ಮನ ಪಾಲಾಗುತ್ತಿತ್ತು; ಎರಡೂ ಪಕ್ಷದಿಂದ ವಾದಿಸಬಲ್ಲ ನಾಲಿಗೆಗೆ ಅದೇನು ಭಾರವೂ ಅಲ್ಲ. ಆದರೆ ಬೋರ್ಡಿಗೆ ತಾಯಿಯೂ ಇಲ್ಲ, ಮಾವನೂ ಇಲ್ಲ. "ಅಮ್ಮನ ಕೈಯೇ ಮೊದಲು ಮಾವ. ಪುಟ್ಟಮಾದಣ್ಣಂದೂ ಹಂಗೇ, ಇವಳದೂ ಹಂಗೇ," ಎಂದೆ. ನೆಲದಡಿಯ ನೀರಿನ ಬಗ್ಗೆ ಆ ಹಲಗೆಗೆ ನನಗಿಂತ ಹೆಚ್ಚೇನೂ ಗೊತ್ತಿಲ್ಲ. ಮೊದಲು ಅಲ್ಲಾಡಿದ್ದು ಯಾರೆಂಬುದಷ್ಟೇ ಅದರ ಪಾಂಡಿತ್ಯ. ಅವತ್ತಿಗೆ ಅಷ್ಟು ಸಾಕಾಯಿತು. ಕಾಯಿಯ ಮೇಲೆ ಭಾರ ಹಾಕುವ ದಾರಿ ಇಬ್ಬರಿಗೂ ಮುಚ್ಚಿಹೋದ ಮೇಲೆ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲೇಬೇಕಾಯಿತು. ಮಾತು ಜಗಳವಾಯಿತು, ಜಗಳ ಕಾಫಿಯಾಯಿತು. ಕೊನೆಗೆ ಬದುವಿನ ಮೇಲೆಯೇ ಬೋರಿನ ಗೂಟ ಬಿತ್ತು. ಸ್ಟಾರ್ಟರ್ ಪೆಟ್ಟಿಗೆಗೆ ಎರಡು ಬೀಗದ ಕೈ. ಗೂಟಕ್ಕೆ ಪೂಜೆ ಮಾಡಿದವನು ಪುಟ್ಟಮಾದಣ್ಣನೇ. ಕಾಯಿ ಅಲ್ಲೇ ಒಡೆದು ಹಂಚಿ ತಿಂದೆವು.

ಕೊರೆಯುವ ಲಾರಿ ಇನ್ನೂ ಬಂದಿಲ್ಲ. ಬಂದಾಗ ನೀರು ಚಿಮ್ಮಬಹುದು, ಬರೀ ಧೂಳೇ ಏಳಬಹುದು. ಧೂಳೆದ್ದರೆ ಅದು ತಂತಿ ಸುತ್ತಿದ ಹುಡುಗಿಯಿಂದಲೇ ಎನ್ನಲು ಊರು ತಯಾರಾಗಿದೆ. ಅನ್ನಲಿ, ಉತ್ತರ ಕೊಡಲು ನಾನೂ ತಯಾರಾಗಿದ್ದೇನೆ: ಆ ಧೂಳು ಬದುವಿನ ಎರಡೂ ಕಡೆ ಒಂದೇ ಸಮ ಬೀಳುತ್ತದೆ.