ಹಗ್ಗದ ಮೇಲಿನ ತುದಿ

ಮಾವ ಗಾಜು ಬಡಿಯುತ್ತಿದ್ದ. ಬೆರಳಿನಿಂದಲ್ಲ, ಇಡೀ ಅಂಗೈಯಿಂದ, ದಪದಪ ಅಂತ. ಗಾಜಿನ ಆಚೆ ನನ್ನ ಜೊತೆ ಕೆಲಸ ಮಾಡುವವನೊಬ್ಬ ಹಗ್ಗಕ್ಕೆ ನೇತಾಡುತ್ತ ಗಾಜು ಒರೆಸುತ್ತಿದ್ದ.

"ಏ ತಮ್ಮಾ! ಮ್ಯಾಲೆ ನಿನ್ನ ಹಗ್ಗ ಯಾರ ಹಿಡದಾರ?"

ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ, ಅವನು ಬಿಹಾರದವನು. ನಕ್ಕು ಕೈ ಬೀಸಿದ. ಮಾವ ಇನ್ನೂ ಜೋರಾಗಿ ಬಡಿದ.

"ಕೈ ಬಿಡಬ್ಯಾಡೋ ಹುಚ್ಚಾ! ಹಿಡ್ಕೋ!"

ಫೋಟೊ ತೆಗೆಯುತ್ತಿದ್ದ ಜನ ತಿರುಗಿ ನೋಡಿದರು. ಕಾವಲಿನವನು ಓಡಿ ಬಂದ. ನಾನು ಮಾವನ ರಟ್ಟೆ ಹಿಡಿದು ಈಚೆ ಎಳೆದೆ.

ಅದು ಮುಂಬೈಯ ಒಂದು ಎತ್ತರದ ಕಟ್ಟಡ. ತುದಿಯ ಮಹಡಿಯಲ್ಲಿ ನಿಂತು ಇಡೀ ಪಟ್ಟಣ ನೋಡುವ ಜಾಗ ಇದೆ, ಟಿಕೆಟ್ ತೆಗೆದುಕೊಂಡು ಹೋಗಬೇಕು. ಅದರ ಗಾಜನ್ನು ಹೊರಗಿನಿಂದ ಒರೆಸುವುದು ನನ್ನ ಕೆಲಸ. ಒಳಗಿನಿಂದ ನಾನು ನೋಡಿದ್ದು ಅವತ್ತೇ ಮೊದಲು, ಮಾವನ ಸಲುವಾಗಿ.

ಮಾವ ಅಂದರೆ ನನ್ನ ಅಕ್ಕ ನೀಲವ್ವನ ಗಂಡ, ದ್ಯಾಮಣ್ಣ. ಹಂಸಭಾವಿಯವನು. ಹಳೆಯ ಬಾವಿಗಳಿಗೆ ಇಳಿದು ಹೂಳು ತೆಗೆಯುವುದು ಅವನ ಕೆಲಸ. ಹಿರೇಕೆರೂರಿನಿಂದ ಹಾನಗಲ್‌ವರೆಗೆ ಯಾರು ಕರೆದರೂ ಹೋಗುತ್ತಿದ್ದ. ನೆಲದ ಮೇಲೆ ಇದ್ದಾಗ ಅವನಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದ, ಅದೂ ಅಂಗಳದಲ್ಲಿ ಅಡ್ಡಾಡುತ್ತ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲಲ್ಲೇ ನಿಲ್ಲುತ್ತಿದ್ದ. "ಕುಂತ್ರ ಬಸ್ ಮುಂದ ಹೋಗಂಗಿಲ್ಲ ಅನಸ್ತೈತಿ" ಅನ್ನುತ್ತಿದ್ದ. ಬಾವಿಯೊಳಗೆ ಇಳಿದರೆ ಮಾತ್ರ ತಣ್ಣಗಾಗುತ್ತಿದ್ದ.

ಅವರ ಮನೆತನದಲ್ಲಿ ಒಂದು ಪದ್ಧತಿ. ಬಾವಿಗೆ ಇಳಿಯುವವನ ಹಗ್ಗವನ್ನು ಮೇಲೆ ಹಿಡಿಯುವವನು ಅವನ ಹೆಂಡತಿಯ ತಮ್ಮನೇ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರು ಆಗುವುದಿಲ್ಲ. "ಅಣ್ಣತಮ್ಮಗ ಹೊಲದಾಗ ಪಾಲ ಸಿಗ್ತೈತಿ, ಕೈ ಸಡಲ ಬಿಟ್ಟಾನು. ಹೇಣ್ತಿ ತಮ್ಮ ಬಿಡಂಗಿಲ್ಲ. ಬಿಟ್ರ ಅವನ ಅಕ್ಕನ ಕುಂಕುಮ ಹೋಗ್ತೈತಿ" ಎಂದು ಮಾವ ಹೇಳುತ್ತಿದ್ದ.

ಹೆಣ್ಣು ನೋಡಲು ದುಂಡಸಿಯ ನಮ್ಮ ಮನೆಗೆ ಬಂದಾಗ ಅವನು ಅಕ್ಕನನ್ನು ನೋಡಿದ್ದು ಕಡಿಮೆ. ನನ್ನನ್ನು ಹತ್ತಿರ ಕರೆದು ಎರಡೂ ಅಂಗೈ ತಿರುಗಿಸಿ ನೋಡಿದ. ಹೆಬ್ಬೆರಳು ಒತ್ತಿದ. "ಆತ್ರಿ, ನಮಗ ಒಪ್ಪಿಗಿ" ಅಂದ. ಅಕ್ಕ ಇವತ್ತಿಗೂ ಅದನ್ನು ಹೇಳುತ್ತಾಳೆ. "ಅಂವ ನನ್ನ ಮದುವಿ ಆಗ್ಯಾನೋ ನಿನ್ನ ಆಗ್ಯಾನೋ, ನನಗಂತೂ ಗೊತ್ತಿಲ್ಲ."

ಬಾವಿಯೊಳಗಿನಿಂದ ಕೂಗಿದರೆ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ. ಹಾಗಾಗಿ ಮಾವ ಹಗ್ಗದಲ್ಲೇ ಮಾತಾಡುತ್ತಿದ್ದ. ಒಂದು ಸಲ ಜಗ್ಗಿದರೆ ಸಡಿಲ ಬಿಡು. ಎರಡು ಸಲ ಜಗ್ಗಿದರೆ ಬಿಗಿ ಹಿಡಿ. ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆ. ಒಂದು ಸಲ ಹಾನಗಲ್ ಕಡೆಯ ಒಂದು ತೋಟದಲ್ಲಿ ನನಗೆ ಬೇಸರ ಬಂದು, ಹಗ್ಗವನ್ನು ಬೇವಿನ ಗಿಡಕ್ಕೆ ಕಟ್ಟಿ ಚಾ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಮಾವ ತಾನೇ ಕಲ್ಲಿನ ಸಂದಿಗಳಲ್ಲಿ ಕಾಲಿಟ್ಟು ಹತ್ತಿ ಬಂದು ದಂಡೆಯ ಮೇಲೆ ನಿಂತಿದ್ದ. ಮೈತುಂಬ ಕೆಸರು.

"ಗಿಡಕ್ಕ ಕಟ್ಟಿದ್ಯಲ್ಲಲೇ ಫಕ್ಯಾ, ನಿಮ್ಮಕ್ಕನ್ನೂ ಅದ ಗಿಡಕ್ಕ ಕೊಟ್ಟು ಮದುವಿ ಮಾಡಬೇಕಿತ್ತು" ಅಂದ. ಅಷ್ಟೇ. ಮತ್ತೆ ಇಳಿದ.

ನನಗೆ ಆ ಕೆಸರು ಸಾಕಾಯಿತು. ಮುಂಬೈಗೆ ಬಂದೆ. ಹಗ್ಗದ ಕೆಲಸವೇ ಸಿಕ್ಕಿತು, ಆದರೆ ಇಲ್ಲಿ ಹಿಡಿಯುವವನಲ್ಲ, ಇಳಿಯುವವನು. ಎರಡು ವರ್ಷ ಮಾವ ಯಾವ ಬಾವಿಗೂ ಇಳಿಯಲಿಲ್ಲ. ಬೇರೆಯವರು ಹಿಡಿಯುತ್ತೇವೆ ಅಂದರೂ ಒಪ್ಪಲಿಲ್ಲ. ಮಂದಿಯ ಹೊಲದಲ್ಲಿ ಕೂಲಿ ಮಾಡಿದ, ಮನೆ ತುಂಬ ಅಡ್ಡಾಡಿದ, ಅಕ್ಕನ ತಲೆ ತಿಂದ. ಕೊನೆಗೆ ಒಂದು ದಿನ ಹುಬ್ಬಳ್ಳಿಗೆ ಬಂದು ರೈಲು ಹತ್ತಿ ನನ್ನ ಖೋಲಿಯ ಬಾಗಿಲಿಗೇ ಬಂದ.

"ಮಾಸೂರಾಗ ಒಂದು ಬಾವಿ ಒಪ್ಕೊಂಡೇನಿ. ನೀ ಬಾ. ನೀ ಬಂದ್ರ ಇಳಿತೇನಿ, ಇಲ್ಲಂದ್ರ ಇಲ್ಲ."

"ನಾ ಬರಂಗಿಲ್ಲ ಮಾವ."

"ಹಂಗಾರ ಇಲ್ಲಿ ನಿನ್ನ ಹಗ್ಗ ಯಾರ ಹಿಡಿತಾರ, ಅದನ್ನರ ತೋರಸು."

ಮೂರು ದಿನ ಇದೇ ಮಾತು. ತಲೆ ಕೆಟ್ಟು ಆ ಕಟ್ಟಡದ ಮೇಲಕ್ಕೆ ಕರೆದುಕೊಂಡು ಹೋದೆ. ಒಮ್ಮೆ ನೋಡಿದರೆ ಬಾಯಿ ಮುಚ್ಚುತ್ತಾನೆ ಎಂದು ನನ್ನ ಲೆಕ್ಕ. ಲಿಫ್ಟ್ ಹೊರಟ ಕೂಡಲೇ ನನ್ನ ಮುಂಗೈ ಹಿಡಿದವನು ಬಾಗಿಲು ತೆರೆಯುವವರೆಗೆ ಬಿಡಲಿಲ್ಲ.

"ಎಷ್ಟ ಆಳ ಐತಿದು?" ಅಂದ.

"ಆಳ ಅಲ್ಲ ಮಾವ, ಎತ್ತರ."

"ಬೀಳಾವಂಗ ಎರಡೂ ಒಂದ."

ಸಮುದ್ರ ತೋರಿಸಿದೆ. "ಉಪ್ಪು ನೀರು, ಯಾರಿಗ ಬೇಕು" ಅಂದ. ಹಡಗು ತೋರಿಸಿದೆ, ನೋಡಲಿಲ್ಲ. ಗಾಜಿನ ಉದ್ದಕ್ಕೂ ಸರಸರ ನಡೆದ. ಆಮೇಲೆ ಆ ಬಿಹಾರದವನು ಕಣ್ಣಿಗೆ ಬಿದ್ದ.

ಕಾವಲಿನವನನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಹೇಳಿದೆ: "ಯಾರೂ ಹಿಡಿಯಂಗಿಲ್ಲ ಮಾವ. ಮಾಳಿಗಿ ಮ್ಯಾಲೆ ಕಬ್ಬಿಣದ ಕೊಂಡಿ ಐತಿ. ಅದಕ್ಕ ಕಟ್ತಾರ."

"ಕೊಂಡಿಗೆ?"

"ಹೂಂ. ಮನುಷ್ಯಾಗ ನಿದ್ದಿ ಬರ್ತೈತಿ, ಸೀನು ಬರ್ತೈತಿ, ಚಾ ಬೇಕಾಗ್ತೈತಿ. ಕಬ್ಬಿಣಕ್ಕ ಏನೂ ಬರಂಗಿಲ್ಲ. ನಿಮ್ಮ ಹೇಣ್ತಿ ತಮ್ಮನ ಪದ್ಧತಿ ಎಲ್ಲಾ ಹಳೇದಾತು."

ಪೂರ್ತಿ ನಿಜ ಹೇಳಲಿಲ್ಲ. ಮಾಳಿಗೆಯ ಮೇಲೆ ಕೊಂಡಿ ಇರುವುದು ನಿಜ. ಆದರೆ ಅಲ್ಲಿ ಒಬ್ಬ ಮನುಷ್ಯನೂ ನಿಂತಿರುತ್ತಾನೆ, ಕೈಯಲ್ಲಿ ವಾಕಿಟಾಕಿ ಹಿಡಿದು. ನಾವು ಕೆಳಗಿರುವಷ್ಟು ಹೊತ್ತು ಅವನು ಅಲ್ಲಿಂದ ಕದಲುವ ಹಾಗಿಲ್ಲ. ಇದನ್ನು ಹೇಳಿದ್ದರೆ ಮಾವ, "ನೋಡು, ಇಲ್ಲೂ ಮನುಷ್ಯಾನ ಬೇಕು, ನಡಿ ಊರಿಗೆ" ಅನ್ನುತ್ತಿದ್ದ. ನನಗೆ ಮಾತು ಮುಗಿದರೆ ಸಾಕಾಗಿತ್ತು.

ಮಾವ ಗಾಜಿಗೆ ಹಣೆ ಹಚ್ಚಿ ನಿಂತ. ಅಷ್ಟು ಹೊತ್ತು ಅಲುಗದೆ ನಿಂತಿದ್ದನ್ನು ನೆಲದ ಮೇಲೆ ನಾನು ಯಾವತ್ತೂ ನೋಡಿರಲಿಲ್ಲ. ಬಿಹಾರದವನು ಒಂದು ಸಾಲು ಗಾಜು ಮುಗಿಸಿ ಕೆಳಕ್ಕೆ ಸರಿದ. ಹಗ್ಗ ಮಾತ್ರ ಕಾಣುತ್ತಿತ್ತು. ಮಾವ ಅದನ್ನೇ ನೋಡಿದ.

"ಚಲೋ ಐತಿ" ಅಂದ. "ನಿನ್ನ ಕರಿಯಾಕ ಬಂದಿದ್ದೆ. ಇನ್ನ ಬ್ಯಾಡ ಬಿಡು."

ಅದೇ ಸಂಜೆ ರೈಲು ಹತ್ತಿಸಿದೆ. ಬಾಗಿಲಲ್ಲೇ ನಿಂತಿದ್ದ. ರೈಲು ಬಿಡುವಾಗ, "ಹುಷಾರ ಇರಪಾ" ಅಂದ. ನನಗೆ ಹಗುರ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಅವನು ಊರಿಗೆ ಹೊರಟ ಹನ್ನೊಂದನೆಯ ದಿನ ಅಕ್ಕನ ಫೋನು ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಾವನನ್ನು ಮಣ್ಣು ಮಾಡಿ ಮುಗಿದಿತ್ತು.

ಮಾರನೆಯ ದಿನ ಮಾಸೂರಿಗೆ ಹೋದೆ. ಬಾವಿ ಇದ್ದ ಹೊಲದ ಮಾಲೀಕರು ಆದದ್ದನ್ನು ಹೇಳಿದರು. ಹೂಳು ತುಂಬಿದ ಪುಟ್ಟಿ ಮೇಲಕ್ಕೆ ಎಳೆಯುವ ಆಳುಗಳು ಊಟಕ್ಕೆ ಹೋಗಿದ್ದರು. ಮಾವ ಅವರಿಗಾಗಿ ಕಾಯಲಿಲ್ಲ. ಬಾವಿಯ ದಂಡೆಯಲ್ಲಿ ಕಬ್ಬಿಣದ ಹಾರೆಯನ್ನು ಆಳಕ್ಕೆ ಹೊಡೆದು, ಅದಕ್ಕೆ ಹಗ್ಗ ಕಟ್ಟಿ ಒಬ್ಬನೇ ಇಳಿದಿದ್ದ.

"ಯಾರನ್ನರ ಕರೀರಿ ಅಂದ್ನಿ ನಾ. ಅದಕ್ಕ ನಿಮ್ಮ ಮಾವ, ಮುಂಬೈದಾಗ ಎಲ್ಲಾರೂ ಹಿಂಗ ಇಳಿತಾರ, ನಾ ಕಣ್ಣಲೇ ನೋಡಿ ಬಂದೇನಿ ಅಂದ್ರು" ಎಂದರು ಅವರು.

ಹೂಳು ಕೆದಕಿದಾಗ ತಳದಿಂದ ಉಸಿರು ಕಟ್ಟಿಸುವ ಕೆಟ್ಟ ಗಾಳಿ ಎದ್ದಿತ್ತಂತೆ.

ಹಾರೆ ಇನ್ನೂ ಅಲ್ಲೇ ನೆಟ್ಟಿತ್ತು. ಗಟ್ಟಿ ನೆಲ. ಹಿಡಿದು ನೋಡಿದೆ, ಅಲುಗಿತು. ಬುಡದಲ್ಲಿ ಎರಡು ಬೆರಳು ಹೋಗುವಷ್ಟು ಸಂದಿ ಬಿದ್ದಿತ್ತು. ಕೆಳಗಿನಿಂದ ಬಿಡದೆ ಜಗ್ಗಿದ್ದಕ್ಕೆ ಹಾರೆ ಬಾವಿಯ ಕಡೆಗೆ ವಾಲಿತ್ತು.

ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಮುಂಬೈಯಲ್ಲಿ ಅವನಿಗೆ ಏನು ಹೇಳಿದೆ, ಏನು ಹೇಳಲಿಲ್ಲ ಎಂದು ನಾನೂ ಅವಳಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.